ಅಬು ದಹ್ಹಾಮ್ ಕೊಟ್ಟ ಟಾಪು

ತನಗೆ ಹೇಸಿಗೆ ಬಹಳ ಬೇಗ ಆಗುತ್ತದೆ ಎನ್ನುವುದು ನೌಫಾಳ ಗುಟ್ಟು. ಯಾರಿಗೂ ಹೇಳಿಕೊಂಡಿರಲಿಲ್ಲ. ದಿನಚರಿಯಲ್ಲಿ ಒಂದೆರಡು ಸಲ ಬರೆದಿದ್ದಳು, ಬರೆದದ್ದನ್ನು ಓದಿ ತಾನೇ ನಾಚಿಕೊಂಡು ಮೇಲೆ ಗೀಟು ಎಳೆದಿದ್ದಳು. ದೊಡ್ಡಪ್ಪ ಮೀಸೆಗೆ ಅಂಟಿದ ಮಜ್ಜಿಗೆಯನ್ನು ನಾಲಗೆಯಲ್ಲಿ ತಡಕುವಾಗ, ನೆಂಟರ ಹೆಂಗಸರು ಮುತ್ತಿಟ್ಟು ಎರಡೂ ಕೆನ್ನೆ ಒದ್ದೆ ಮಾಡುವಾಗ, ಒಂದೇ ಕಾಫಿ ಬಟ್ಟಲು ಹತ್ತಾರು ಬಾಯಿ ಸುತ್ತಿ ತನ್ನ ಕೈಗೆ ಬಂದಾಗ, ಹೊಟ್ಟೆಯೊಳಗೆ ಏನೋ ಬಸವನಹುಳುವಿನಂತೆ ಮುದುಡಿಕೊಳ್ಳುತ್ತಿತ್ತು. ಮುಖದ ಮೇಲೆ ಮಾತ್ರ ಏನೂ ತೋರುತ್ತಿರಲಿಲ್ಲ. ಬೇರೆ ಯಾರಿಗೂ ಆಗದ್ದು ನನಗೊಬ್ಬಳಿಗೇ ಆಗುತ್ತದೆ ಅಂದರೆ ಕೆಟ್ಟಿರುವುದು ಲೋಕವಲ್ಲ, ನನ್ನ ಮೂಗೇ ಇರಬೇಕು. ಇದು ಅವಳ ಅನುಮಾನ, ಹೆದರಿಕೆಯೂ ಅದೇ.

ಆ ಮೂಗಿಗೆ ನೆಮ್ಮದಿ ಕೊಡುತ್ತಿದ್ದ ಜಾಗ ಅಂತ ಒಂದಿದ್ದರೆ ಅದು ಅಪ್ಪನ ಹಳೆ ಜೀಪು. ಅಪ್ಪ ಫ್ರೈಹ್ ಮರುಭೂಮಿ ಗಸ್ತಿನ ಪೊಲೀಸಿನಲ್ಲಿದ್ದು ನಿವೃತ್ತನಾದವನು. ಮಂಡಿ ಹೋಗಿತ್ತು, ಮಾತು ಮೊದಲಿನಿಂದಲೂ ಕಡಿಮೆ. ಮರಳಿನ ಬಣ್ಣದ ಆ ಜೀಪಿಗೆ ಬೋಲ್ಟು ಹಾಕಿ ಕೂರಿಸಿದ ಬಿಳಿ ತಗಡಿನ ಗಟ್ಟಿ ಟಾಪು ಇತ್ತು, ಟಾಪಿನ ಎರಡೂ ಪಕ್ಕಕ್ಕೆ ಉದ್ದನೆಯ ಗಾಜು. ಬಾಗಿಲು ಎಳೆದುಕೊಂಡರೆ ಹೊರಗಿನ ಗಾಳಿ ಹೊರಗೆ, ಒಳಗಿನ ಮೌನ ಒಳಗೆ. ಮನೆಯಲ್ಲಿ ಚಿಲಕವಿದ್ದ ಕೋಣೆ ಒಂದೂ ಇರಲಿಲ್ಲ. ನೌಫಾ ಚಿಕ್ಕಂದಿನಿಂದಲೂ ಅಳಬೇಕೆನಿಸಿದಾಗ, ಓದಬೇಕೆನಿಸಿದಾಗ ಜೀಪಿನೊಳಗೆ ಹೋಗಿ ಕೂರುತ್ತಿದ್ದಳು.

ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಅವಳಿಗೆ ಕೆಲಸ ಸಿಕ್ಕಿತು, ಹಿಸ್ಮಾ ಬಯಲಿನ ಆಚೆ ತುದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ. ಅಲ್ಲಿಗೆ ಬಸ್ಸಿಲ್ಲ. ಅಪ್ಪ ಅವಳನ್ನು ಒಣಗಿದ ಕೆಸರಿನ ಬಯಲಿಗೆ ಕರೆದೊಯ್ದು ಗೇರು ಹಾಕುವುದು, ಮರಳಲ್ಲಿ ಚಕ್ರದ ಗಾಳಿ ಇಳಿಸುವುದು ಎಲ್ಲ ಕಲಿಸಿದ. ಕೊನೆಗೆ ಬಾಯಿ ಬಿಟ್ಟು ಅಂದ:

"ಟಾಪು ಇರೋ ತನಕ ನೀನೊಬ್ಳೇ ಓಡಿಸ್ಕೊಂಡು ಹೋಗು, ಮಗಳೇ. ಧೂಳಿಲ್ಲ, ಚಳಿಯಿಲ್ಲ, ಕಂಡೋರ ಕಣ್ಣಿಲ್ಲ. ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು."

ಒಬ್ಬಳೇ! ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಸಂಬಳಕ್ಕಿಂತ ಅವಳಿಗೆ ಹೆಚ್ಚು ಬೇಕಾಗಿದ್ದದ್ದು ಆ ಎರಡು ಗಂಟೆ. ಆದರೆ ಅದನ್ನು ಹೇಳಿಕೊಳ್ಳುವುದು ಹೇಗೆ? ಜನ ಬೇಡ ಅನಿಸುತ್ತೆ ಅಂತ ಜನಕ್ಕೇ ಹೇಳುವುದಾದರೂ ಎಂಥ ಮಾತು?

ಅವಳು ಕೆಲಸಕ್ಕೆ ಸೇರುವ ಮೊದಲೇ, ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ಶತೈವಿ ಬಂದು, ಓಟಕ್ಕೆ ಬಿಡುವ ಒಂಟೆಮರಿಯೊಂದನ್ನು ಸಾಗಿಸಬೇಕು ಅಂತ ಜೀಪು ಕೇಳಿದ. ಒಂಟೆಮರಿಯ ಕತ್ತು ಟಾಪಿನೊಳಗೆ ಹಿಡಿಸಲಿಲ್ಲ. ಕತ್ತು ಬಗ್ಗಿಸುವುದಕ್ಕಿಂತ ಟಾಪು ಬಿಚ್ಚುವುದು ಸುಲಭ ಎಂದು ಬೋಲ್ಟು ಬಿಚ್ಚಿ ದಾರಿ ಪಕ್ಕದಲ್ಲಿ ಮಲಗಿಸಿ ಹೋದ. ಅವನು ತಿರುಗಿ ಬರುವಷ್ಟರಲ್ಲಿ ನೀರಿನ ಟ್ಯಾಂಕರು ಹಿಂದಕ್ಕೆ ಬಂದು ಅದರ ಮೇಲೇ ಹತ್ತಿತ್ತು. ಟಾಪು ರೊಟ್ಟಿಯಾಗಿತ್ತು.

"ದೇವರು ಬರೆದಿದ್ದು. ಗಾಡಿಗೇನೂ ಆಗ್ಲಿಲ್ವಲ್ಲ, ಅದಕ್ಕೆ ಖುಷಿಪಡಿ" ಎಂದ ದೊಡ್ಡಪ್ಪ, ಅಮ್ಮ ತಂದಿಟ್ಟ ಚಹಾವನ್ನು ಸೊರ್ರೆಂದು ಎಳೆಯುತ್ತ. ಒಂಟೆಮರಿ ಓಟದಲ್ಲಿ ಕೊನೆಯದಾಗಿ ಬಂದಿತ್ತು. ಅದನ್ನೂ ದೇವರ ಮೇಲೆಯೇ ಹಾಕಿದ.

ನೌಫಾ ಮುಂದಿನ ವಾರವೆಲ್ಲ ಬೇರೆ ಟಾಪು ಹುಡುಕಿದಳು. ಕುವೈರಾದಲ್ಲಿ ಡೇರೆ ಬಟ್ಟೆ ಹೊಲಿಯುವವನು ಕ್ಯಾನ್ವಾಸಿನದ್ದು ಹೊಲಿದುಕೊಡುತ್ತೇನೆಂದ. ಆದರೆ ಬಟ್ಟೆಯ ಟಾಪು ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಸಂದಿಯಿಂದ ಮರಳು ಬಂದು ಮಡಿಲಲ್ಲಿ ಕೂರುತ್ತದೆ, ಬೀಗ ಹಾಕಲಾಗುವುದಿಲ್ಲ. ಅಕಬಾದಲ್ಲಿ ಫೈಬರಿನ ಹೊಸದೊಂದಿತ್ತು. ನೋಡಲು ಚೆಂದ, ಬೋಲ್ಟಿನ ತೂತುಗಳು ಯಾವುದೋ ಬೇರೆ ಗಾಡಿಗೆ ಕೊರೆದವು, ಹಿಂಬಾಗಿಲ ಮೇಲೆ ಕೈ ತೂರುವಷ್ಟು ಸಂದಿ. ಮಆನ್ ಪಟ್ಟಣದ ಗುಜರಿಯಲ್ಲಿ, ಮುರಿದ ಲಾರಿಗಳ ಹಿಂದೆ, ಅವಳಿಗೆ ಬೇಕಾದದ್ದು ಸಿಕ್ಕಿತು. ಅದೇ ಕಾಲದ್ದು, ಅದೇ ತಗಡಿನದ್ದು, ಎರಡೂ ಪಕ್ಕ ಗಾಜಿನದ್ದು.

ಬಣ್ಣ ನೋಡಿ ಮೋಸ ಹೋಗಬಾರದೆಂದು ಅವಳಿಗೆ ಗೊತ್ತಿತ್ತು. ಟಾಪು ಕೊಳೆಯುವುದು ಸುತ್ತಲಿನ ಅಂಚಿನಿಂದ, ನೀರು ಹರಿಯಲು ಬಿಟ್ಟ ಸಣ್ಣ ಕಾಲುವೆಯಿಂದ. ಬಗ್ಗಿ ಆ ಕಾಲುವೆಯುದ್ದಕ್ಕೂ ಬೆರಳಾಡಿಸಿದಳು. ಬೆರಳಿಗೆ ಬರೀ ಧೂಳು ಹತ್ತಿತು, ತುಕ್ಕಿನ ಪುಡಿಯಿಲ್ಲ. ಗಾಜು ಸರಿಸಿದಳು, ಸರಿಯಿತು. ಹಿಂದಿನ ಚಿಲಕ ಒತ್ತಿದಳು, ಟಕ್ ಎಂದಿತು. ಕಿಟಕಿಯ ರಬ್ಬರು ಒಣಗಿ ಬಿರಿದಿತ್ತು, ಅದನ್ನು ಬದಲಾಯಿಸಿದರೆ ಆಯಿತು. ಆಮೇಲೆ ಅಪ್ಪ ಗುಜರಿಯವನ ಜೊತೆ ಅತ್ತ ಹೋದಾಗ, ಕಲ್ಲುಗಳ ಮೇಲೆ ಇಟ್ಟಿದ್ದ ಆ ಟಾಪಿನ ಕೆಳಗೆ ನುಸುಳಿ ಕೂತು ಕಣ್ಣು ಮುಚ್ಚಿದಳು. ಬಿಸಿಲಿಗೆ ಕಾದ ತಗಡು, ಹಳೆ ಎಣ್ಣೆ. ಅಷ್ಟೇ ವಾಸನೆ.

"ಇದೇನಾ?" ಅಪ್ಪ ಬಗ್ಗಿ ಕೇಳಿದ.

ನೌಫಾ ತಲೆಯಾಡಿಸಿದಳು.

"ಗುರುವಾರ ಬಂದು ಒಯ್ತೀವಿ" ಎಂದು ಅಪ್ಪ ಗುಜರಿಯವನಿಗೆ ಹೇಳಿದ.

ಬುಧವಾರ ದೊಡ್ಡಪ್ಪ ಬಂದ. ವಿಷಯ ಕೇಳಿ ತಲೆಯ ಮೇಲಿನ ಕೆಂಪು ಚೌಕಳಿಯ ಬಟ್ಟೆಯನ್ನು ಹಿಂದಕ್ಕೆಸೆದು, ಕಾಲು ಮಡಚಿ ಕೂತ.

"ಮಆನಿನ ಗುಜರಿಗೆ ಹೋಗಿ ಅವನ ಮುಂದೆ ಚೌಕಾಸಿ ಮಾಡ್ತೀಯೇನೋ, ಫ್ರೈಹ್? ಯಾವ ಸತ್ತೋನ ಗಾಡೀದೋ ಏನ್ ಕತೆಯೋ! ಟಾಪು ಕಳೆದಿದ್ದು ನಾನು, ಕೊಡಿಸೋನೂ ನಾನೇ. ಅಬು ದಹ್ಹಾಮನ ಡೇರೆ ಹಿಂದೆ ಒಂದು ಸುಮ್ನೆ ಬಿದ್ದಿದೆ."

"ನೋಡಿದೀಯಾ?" ಅಪ್ಪ ಕೇಳಿದ.

"ನೋಡೋದೇನು? ಟಾಪು ಅಂದ್ರೆ ಟಾಪು. ಹೆಣ್ಣಾ ಏನು, ಹಲ್ಲು ಎಣಿಸಿ ತರೋಕೆ?"

ನೌಫಾ ಬಾಗಿಲ ಹತ್ತಿರ ನಿಂತಿದ್ದಳು. 'ನಾನು ಆಗಲೇ ಆರಿಸಿಯಾಗಿದೆ ದೊಡ್ಡಪ್ಪ' ಎನ್ನುವ ಮಾತು ಗಂಟಲ ತನಕ ಬಂತು. ಅಷ್ಟರಲ್ಲಿ ದೊಡ್ಡಪ್ಪ ಅಂಗೈಗೆ ಕೆಮ್ಮಿ, ಕೆಮ್ಮಿದ್ದನ್ನು ಅಂಗಿಗೆ ಒರೆಸಿಕೊಂಡ. ಮಾತು ತಿರುಗಿ ಒಳಗೆ ಹೋಯಿತು.

ಸಂಜೆ ಅಬು ದಹ್ಹಾಮನ ಡೇರೆಗೆ ಹೋದರು. ಅಪ್ಪನಿಗೆ ಮಂಡಿ ನೋವು, ದೊಡ್ಡಪ್ಪನ ಕೈಗೆ ಇನ್ನು ಮೇಲೆ ಸ್ಟಿಯರಿಂಗು ಕೊಡುವುದಿಲ್ಲವೆಂದು ಅಪ್ಪ ತೀರ್ಮಾನಿಸಿದ್ದ, ಹಾಗಾಗಿ ಓಡಿಸಿದವಳು ನೌಫಾ. ತಲೆಯ ಮೇಲೆ ಏನೂ ಇಲ್ಲದ ಜೀಪಿನಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೋಗುವಾಗ, ಎದುರಿಗೆ ಬಂದ ಪಿಕಪ್ಪುಗಳವರೆಲ್ಲ ವೇಗ ಕಡಿಮೆ ಮಾಡಿ ನೋಡಿದರು. ಒಬ್ಬನಂತೂ ಹಾರ್ನು ಹೊಡೆದು ಹಲ್ಲು ಕಿರಿದ. ಮೈಮೇಲೆ ಯಾರೋ ಎಂಜಲು ಕೈ ಸವರಿದ ಹಾಗಾಯಿತು.

ಅಬು ದಹ್ಹಾಮ್ ಮೇಕೆ ಸಾಕಿ ಹೆಸರು ಮಾಡಿದವನು. ಸಿಮೆಂಟಿನ ಮನೆ ಕಟ್ಟಿಸಿಕೊಂಡಿದ್ದರೂ ಪಕ್ಕದಲ್ಲೇ ಮೇಕೆಯ ಕೂದಲಿನ ದೊಡ್ಡ ಡೇರೆ ಹಾಕಿ, ಬಂದವರನ್ನು ಅಲ್ಲಿಯೇ ಕೂರಿಸುತ್ತಿದ್ದ. ಗಂಡಸರು ಒಲೆಯ ಸುತ್ತ ಕೂತರು. ನೌಫಾ ಪರದೆಯ ಈಚೆ ಅವನ ಹೆಂಡತಿಯ ಪಕ್ಕ ಕೂತಳು. ಪರದೆಯ ನೇಯ್ಗೆ ಒಂದು ಕಡೆ ಸಡಿಲವಾಗಿತ್ತು, ಆಚೆಯದೆಲ್ಲ ಕಾಣುತ್ತಿತ್ತು. ಡೇರೆಯ ಹಿಂದಿನಿಂದ ಗಾಳಿ ಬೀಸಿದಾಗಲೆಲ್ಲ ಒಂದು ಕಮಟು ಬಂದು ಮೂಗಿಗೆ ಬಡಿಯುತ್ತಿತ್ತು. 'ಶುರುವಾಯ್ತು ನನ್ನ ಮೂಗು' ಎಂದುಕೊಂಡು ನೌಫಾ ಬಾಯಲ್ಲಿ ಉಸಿರಾಡಿದಳು.

ಅಬು ದಹ್ಹಾಮನ ಮಗ ದಹ್ಹಾಮ್ ಕಾಫಿ ಬಗ್ಗಿಸುತ್ತಿದ್ದ. ಮೂವತ್ತು ದಾಟಿದವನು, ಯಾವ ಕೆಲಸದಲ್ಲೂ ನಿಂತವನಲ್ಲ. ಸೂರ್ಯಕಾಂತಿ ಬೀಜ ಅಗಿಯುವುದು, ಸಿಪ್ಪೆ ಉಗಿಯುವುದು, ಇವೆರಡನ್ನು ಮಾತ್ರ ತಪ್ಪದೆ ಮಾಡುತ್ತಿದ್ದ. ಬಟ್ಟಲಿಗೆ ಕಾಫಿ ಹುಯ್ಯುವಾಗಲೂ ಕೆಳದುಟಿಗೆ ಒಂದು ಸಿಪ್ಪೆ ಅಂಟಿಕೊಂಡಿತ್ತು.

ಮೊದಲ ಬಟ್ಟಲು ದೊಡ್ಡಪ್ಪನ ಕೈಗೆ ಬಂತು. ಅವನು ಕುಡಿಯಲಿಲ್ಲ. ಬಟ್ಟಲನ್ನು ತನ್ನ ಮುಂದೆ ನೆಲದ ಮೇಲಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಎದೆ ಸೆಟೆಸಿ ಕೂತ.

ನೌಫಾಳ ಕಿವಿ ಬಿಸಿಯಾಯಿತು. ಕಾಫಿ ಕೆಳಗಿಡುವುದೆಂದರೆ ಹುಡುಗಾಟವೇ? ಕೊಲೆಯಾದ ಮನೆಗೆ ಕ್ಷಮೆ ಕೇಳಲು ಹೋದವರು ಹಾಗಿಡುತ್ತಾರೆ. ಹೆಣ್ಣು ಕೇಳಲು ಹೋದವರು ಇಡುತ್ತಾರೆ. ನಾನು ಕೇಳಿದ್ದನ್ನು ಕೊಡುತ್ತೇನೆನ್ನುವ ತನಕ ನಿನ್ನ ಕಾಫಿ ಕುಡಿಯುವುದಿಲ್ಲ ಎಂದು ಅದರ ಅರ್ಥ. 'ಕುಡಿ' ಎಂದು ಮನೆಯವನು ಅಂದರೆ ಕೊಟ್ಟ ಹಾಗೆ. ಕುಡಿದ ಮೇಲೆ ಕೊಟ್ಟವನೂ ಹಿಂದೆ ಹೋಗುವಂತಿಲ್ಲ, ತಗೊಂಡವನೂ ಬೇಡ ಅನ್ನುವಂತಿಲ್ಲ. ಇಲ್ಲಿ ಕೇಳುತ್ತಿರುವುದು ಒಂದು ತಗಡು! ಪರದೆಯ ಆಚೆ ಅಪ್ಪ ತಲೆ ತಗ್ಗಿಸಿ, ಬೆರಳಿನಿಂದ ಚಾಪೆಯ ದಾರ ಕೀಳುತ್ತಿದ್ದ.

ಅಬು ದಹ್ಹಾಮನ ಮುಖ ಮಾತ್ರ ಅರಳಿತು. ತನ್ನ ಡೇರೆಯಲ್ಲಿ ಯಾರೋ ಬಟ್ಟಲು ಕೆಳಗಿಟ್ಟು ಬಹಳ ಕಾಲವಾಗಿತ್ತೇನೋ. ಗಡ್ಡ ನೀವಿಕೊಂಡ.

"ಕಾಫಿ ಆರ್ತಾ ಇದೆ, ಶತೈವಿ. ಅದೇನು ಹೇಳು."

"ನನ್ನ ತಮ್ಮನ ಗಾಡಿಗೆ ತಲೆಯಿಲ್ಲ. ನಿನ್ನ ಹತ್ರ ಒಂದು ಟಾಪಿದೆ. ಅದು ನಮಗೆ ಸಿಗೋ ತನಕ ಈ ಬಟ್ಟಲು ಮುಟ್ಟಲ್ಲ."

"ಕುಡಿ! ಕುಡಿ ಮಾರಾಯಾ! ಟಾಪು ನಿಂದು. ಕೇಳಿದ್ದಿದ್ರೆ ಡೇರೇನೂ ಕಿತ್ತು ಕೊಡ್ತಿದ್ದೆ."

ದೊಡ್ಡಪ್ಪ ಗೆದ್ದವನ ಹಾಗೆ ಸುತ್ತ ನೋಡಿ ಕುಡಿದ, ಸಾಕೆನ್ನುವಂತೆ ಬಟ್ಟಲು ಅಲ್ಲಾಡಿಸಿ ಕೊಟ್ಟ. ಅದೇ ಬಟ್ಟಲು ಅಪ್ಪನ ಕೈಗೆ ಬಂತು. ಅಪ್ಪ ಒಂದು ಗಳಿಗೆ ತಡೆದ, ಕುಡಿದ. ಎಲ್ಲ ಮುಗಿದ ಮೇಲೆ ಅಬು ದಹ್ಹಾಮ್ ಎದ್ದು, "ಬನ್ನಿ, ನಿಮ್ಮ ಟಾಪು ನೋಡ್ಕೊಳ್ಳಿ" ಎಂದ.

ಡೇರೆಯ ಹಿಂದೆ ನಾಲ್ಕು ಕಲ್ಲಿನ ಮೇಲೆ ಟಾಪು ಕೂತಿತ್ತು. ಅದರ ಕೆಳಗಿನಿಂದ ಒಂದು ಹೋತ ಹೊರಗೆ ಬಂತು.

ಅದು ಬರುವುದಕ್ಕೆ ಮೊದಲೇ ಅದರ ನಾತ ಬಂತು. ಬೆದೆಗೆ ಬಂದ ಹೋತ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ, ಗೊತ್ತಲ್ಲ. ಆ ಗಡ್ಡ ಹಳದಿಗಟ್ಟಿ ಜಿಗುಟಾಗಿ ಜೋತಾಡುತ್ತಿತ್ತು. ಕೊಳೆತ ತುಪ್ಪ, ಒದ್ದೆ ಚರ್ಮ, ಸುಟ್ಟ ಕೊಂಬು ಎಲ್ಲ ಸೇರಿಸಿ ಬಿಸಿಲಿಗಿಟ್ಟ ಹಾಗಿದ್ದ ವಾಸನೆ, ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯಿತು. ಹೋತ ಅವರನ್ನೆಲ್ಲ ನೋಡಿ ಮೇಲ್ದುಟಿ ಸುರುಳಿ ಸುತ್ತಿ ಹಲ್ಲು ತೋರಿಸಿತು.

"ನನ್ನ ಬಾಶಾ!" ಎಂದು ಅಬು ದಹ್ಹಾಮ್ ಅದರ ಕೊಂಬು ಹಿಡಿದು ಮುದ್ದು ಮಾಡಿದ. "ಮೂರು ಚಳಿಗಾಲದಿಂದ ಇದೇ ಇವನ ಅರಮನೆ. ಈ ಸೀಮೆಯಲ್ಲಿ ಹುಟ್ಟಿರೋ ಒಳ್ಳೆ ಮರಿಗಳೆಲ್ಲ ಇವಂದೇ. ನಿಮಗೋಸ್ಕರ ಇವತ್ತು ಇವನನ್ನ ಮನೆಯಿಂದ ಆಚೆ ಹಾಕ್ತಿದೀನಿ ನೋಡಿ."

"ಮಾಶಾ ಅಲ್ಲಾ, ಮಾಶಾ ಅಲ್ಲಾ" ಎಂದ ದೊಡ್ಡಪ್ಪ. ಟಾಪಿನ ಮೇಲೆ ಬಡಿದು ನೋಡಿದ. "ಎಂಥ ತಗಡು! ಈಗೆಲ್ಲಿ ಬರುತ್ತೆ ಇಂಥದ್ದು?"

ಅಪ್ಪ ತಲೆಬಟ್ಟೆಯ ತುದಿಯನ್ನು ಧೂಳಿಗೆಂಬಂತೆ ಮೂಗಿನ ಮೇಲೆ ಎಳೆದುಕೊಂಡ. ನೌಫಾ ಬಗ್ಗಿ ಒಳಗೆ ನೋಡಿದಳು. ಪಕ್ಕಕ್ಕೆ ಗಾಜೇ ಇರಲಿಲ್ಲ, ಸರಕಿನ ಗಾಡಿಯದ್ದು, ಎಲ್ಲ ಮುಚ್ಚಿದ ತಗಡು. ಒಳಗೆ ಅಂಟಿಸಿದ್ದ ದಪ್ಪ ಬಟ್ಟೆ ನೆಂದು ಒಣಗಿ, ನೆಂದು ಒಣಗಿ, ಕಪ್ಪಗೆ ಪಾಚಿಯ ಹಾಗೆ ಗಟ್ಟಿಯಾಗಿತ್ತು. ಅದರಲ್ಲಿ ಹೋತದ ಕೂದಲು ಸಿಕ್ಕಿಕೊಂಡಿತ್ತು. ಅಂಚಿನ ಕಾಲುವೆಗೆ ಬೆರಳು ಹಾಕಿದಳು. ಬೆರಳು ತಗಡು ದಾಟಿ ಆಚೆ ಹೋಯಿತು.

"ಅಪ್ಪಾ" ಎಂದಳು ಮೆಲ್ಲಗೆ, ತೋಳು ಹಿಡಿದು.

ಅಪ್ಪ ಅವಳ ಕಡೆ ನೋಡಿದ. ಕಾಫಿ ಕುಡಿದಾಗಿತ್ತು.

ಟಾಪನ್ನು ಮನೆಗೆ ತಂದು ತೊಳೆದದ್ದೇ ತೊಳೆದದ್ದು. ಅಮ್ಮ ಹಮ್ದಾ ಸೋಪಿನ ಪುಡಿ ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ವಿನೆಗರು ಸುರಿದಳು. ನೌಫಾ ಒಳಗಿನ ಬಟ್ಟೆಯನ್ನು ಚಾಕುವಿನಿಂದ ಕೆರೆದು ಕಿತ್ತಳು. ಕಿತ್ತ ಚೂರುಗಳು ಉಗುರಿನ ಸಂದಿಗೆ ಸೇರಿದವು. ಎಷ್ಟು ಕೈ ತೊಳೆದರೂ ಊಟದ ತಟ್ಟೆಯ ಹತ್ತಿರ ಬೆರಳು ತಂದಾಗ ಹೋತ ಎದುರಿಗೆ ಬಂದು ಕೂತ ಹಾಗೆ. ಬಟ್ಟೆ ಹೋದರೂ ನಾತ ಹೋಗಲಿಲ್ಲ. ಅದು ತುಕ್ಕಿನೊಳಗೆ, ರಬ್ಬರಿನೊಳಗೆ, ತಗಡಿನ ಮಡಿಕೆಯೊಳಗೆ ಇಳಿದಿತ್ತು. ಬಿಸಿಲಿಗೆ ಒಣಗಿಸಿದರೆ ಇನ್ನೂ ಜಾಸ್ತಿಯಾಯಿತು.

"ಅಮ್ಮಾ, ನಿಂಗೂ ಬರ್ತಿದೆ ತಾನೇ?"

"ಶ್..." ಅಮ್ಮ ಗೇಟಿನ ಕಡೆ ನೋಡಿದಳು. "ಬರುತ್ತೆ, ಹೋಗುತ್ತೆ. ಕೊಟ್ಟಿದ್ದಕ್ಕೆ ಹೆಸರಿಡಬಾರದು. ಧೂಪ ಹಾಕೋಣ ಬಾ."

ಧೂಪ ಹಾಕಿದರು. ಧೂಪ ಹಾಕಿದ ಹೋತದ ವಾಸನೆ ಬಂತು.

ಟಾಪು ಕೂರಿಸಿದ ದಿನ ದೊಡ್ಡಪ್ಪ ಅಕ್ಕಪಕ್ಕದವರನ್ನೆಲ್ಲ ಕರೆತಂದ. ಒಬ್ಬೊಬ್ಬರೂ ಜೀಪಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ತಲೆ ಹಾಕಿ, ಥಟ್ಟನೆ ಹೊರಗೆ ತೆಗೆದು, "ಮಬ್ರೂಕ್, ಫ್ರೈಹ್! ಗಟ್ಟಿ ಟಾಪು!" ಎಂದು ಶುಭ ಕೋರಿದರು. ಗಟ್ಟಿ ಎನ್ನುವುದನ್ನು ಬಿಟ್ಟು ಬೇರೆ ಮಾತು ಯಾರ ಬಾಯಲ್ಲೂ ಬರಲಿಲ್ಲ.

"ದೊಡ್ಡಪ್ಪಾ, ಸ್ವಲ್ಪ ವಾಸನೆ..." ನೌಫಾ ಶುರು ಮಾಡಿದಳು.

"ಎಲ್ಲಿ?" ದೊಡ್ಡಪ್ಪ ಮೂಗು ಅರಳಿಸಿ ಎಳೆದುಕೊಂಡ. "ನಂಗೇನೂ ಬರ್ತಿಲ್ವಲ್ಲ! ನಿಂದು ಓದಿದ ಮೂಗು, ತಾಯಿ. ನಿಮ್ಮಜ್ಜಿ ಮೇಕೆ ಪಕ್ಕದಲ್ಲೇ ಹೆತ್ತಳು, ಮೇಕೆ ಪಕ್ಕದಲ್ಲೇ ಸತ್ತಳು. ಒಂದು ದಿನ ಮೂಗು ಮುಚ್ಕೊಂಡೋಳಲ್ಲ."

ಎಲ್ಲರೂ ನಕ್ಕರು. ಅಪ್ಪನೂ ಸ್ವಲ್ಪ ನಕ್ಕ, ಆಮೇಲೆ ನಕ್ಕದ್ದಕ್ಕೆ ಬೇರೆ ಕಡೆ ನೋಡಿದ. ನೌಫಾಳಿಗೆ ಹಳೆ ಅನುಮಾನ ಮತ್ತೆ ಹೆಡೆಯೆತ್ತಿತು. ಇಷ್ಟು ಜನಕ್ಕೆ ಬರದ ವಾಸನೆ ನನಗೆ ಬರುತ್ತಿದೆಯೆಂದರೆ?

ಶಾಲೆ ಶುರುವಾಯಿತು. ಅವಳು ಅಷ್ಟು ದಿನ ಕನಸು ಕಂಡಿದ್ದ ಆ ಎರಡು ಗಂಟೆ ಈಗ ಕಿಟಕಿಯಿಲ್ಲದ ಕತ್ತಲೆ ಡಬ್ಬದೊಳಗೆ ಹೋತದ ಜೊತೆ ಕಳೆಯುವ ಎರಡು ಗಂಟೆ. ಮುಂದಿನ ಬಾಗಿಲ ಗಾಜು ಇಳಿಸಿದರೆ ಮರಳು, ಏರಿಸಿದರೆ ವಾಂತಿ. ಬಯಲಿನಲ್ಲಿ ಬೆಳಗಿನ ಬೆಳಕು ಕೆಂಪು ಬಂಡೆಗಳ ಮೇಲೆ ಇಳಿಯುವುದನ್ನು ನೋಡಬೇಕೆಂದಿದ್ದಳು. ಈಗ ಅವಳಿಗೆ ಬೇಕಾಗಿದ್ದದ್ದು ಬೇಗ ತಲುಪುವುದು ಒಂದೇ. ತರಗತಿಯಲ್ಲಿ ಮುಂದಿನ ಸಾಲಿನ ಹುಡುಗಿಯರು ತಲೆಬಟ್ಟೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂರುತ್ತಿದ್ದರು. ನಾಚಿಕೆಯಿರಬೇಕು, ಹೊಸ ಟೀಚರಲ್ಲವೇ ಎಂದುಕೊಂಡಳು. ಅವಳು ಬಗ್ಗಿ ಲೆಕ್ಕ ತಿದ್ದುವಾಗ ಹುಡುಗಿಯರು ಉಸಿರು ಹಿಡಿದುಕೊಳ್ಳುತ್ತಿದ್ದರು. ಭಯವಿರಬೇಕು ಎಂದುಕೊಂಡಳು. ಬೇರೆ ಏನೋ ಇರಬಹುದು ಎನ್ನುವುದನ್ನು ಮನಸ್ಸಿನ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಎರಡನೆಯ ವಾರ ಮುಖ್ಯೋಪಾಧ್ಯಾಯಿನಿ ಇನ್ಸಾಫ್ ಅವಳನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ದಪ್ಪನೆಯ, ನೇರ ಮಾತಿನ ಹೆಂಗಸು. ಡ್ರಾಯರಿನಿಂದ ಅತ್ತರಿನ ಶೀಶೆ ತೆಗೆದು ಮೇಜಿನ ಮೇಲಿಟ್ಟಳು.

"ಏನೂ ತಪ್ಪು ತಿಳ್ಕೋಬೇಡ ಕಣಮ್ಮ. ಮನೇಲಿ ಹೋತ ಸಾಕಿದೀರಾ?"

ನೌಫಾಳ ಮುಖಕ್ಕೆ ರಕ್ತ ನುಗ್ಗಿತು. ಅಲ್ಲಿಯೇ ನೆಲ ಬಿರಿಯಬಾರದೇ ಅನಿಸಿತು. ಆದರೆ ಆ ನಾಚಿಕೆಯ ಕೆಳಗೆ ಬೇರೆ ಏನೋ ಕೂಡ ಎದ್ದಿತು, ಅದು ಅವಳಿಗೆ ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮಗೂ ಬರ್ತಿದೆಯಾ, ಮೇಡಂ?"

"ಬರ್ತಿದೆಯಾ ಅಂತೀಯಲ್ಲ! ನೀನು ಗೇಟಿಗೆ ಬಂದಿದ್ದು ನಂಗೆ ಇಲ್ಲಿ ಕೂತ್ಕೊಂಡೇ ಗೊತ್ತಾಗುತ್ತೆ."

ನೌಫಾ ನಕ್ಕುಬಿಟ್ಟಳು. ಇನ್ಸಾಫ್ ಬೆಪ್ಪಾಗಿ ನೋಡಿದಳು. ಅತ್ತರು ಮುಟ್ಟದೆ, ವಂದಿಸಿ, ನೌಫಾ ಹೊರಗೆ ಬಂದಳು. ಮೂಗು ಸರಿಯಿದೆ! ಹಾಗಾದರೆ ಜೀಪಿನೊಳಗೆ ತಲೆ ಹಾಕಿ ಥಟ್ಟನೆ ತೆಗೆದವರೆಲ್ಲರಿಗೂ ಬಂದಿತ್ತು. ಅಪ್ಪನಿಗೆ ಬಂದಿತ್ತು. ಮೂಗು ಅರಳಿಸಿ ಎಳೆದುಕೊಂಡ ದೊಡ್ಡಪ್ಪನಿಗೂ ಬಂದಿತ್ತು. ಇಷ್ಟು ಜನ ಗಂಡಸರು ಒಂದು ಬಟ್ಟಲು ಕಾಫಿಗಾಗಿ ಹೋತದ ಉಚ್ಚೆಯನ್ನು ಉಸಿರಾಡಿ ಮಾಶಾ ಅಲ್ಲಾ ಅಂದಿದ್ದರು. ಮನೆಗೆ ಹಿಂತಿರುಗುವ ದಾರಿಯುದ್ದಕ್ಕೂ ಅವಳಿಗೆ ಟಾಪಿನ ನಾತಕ್ಕಿಂತ ಅದೇ ಹೆಚ್ಚು ಹೇಸಿಗೆ ತಂದಿತು. ತಾನೂ ಅವರ ಜೊತೆ ಬಾಯಿ ಮುಚ್ಚಿಕೊಂಡು ನಿಂತಿದ್ದೆನಲ್ಲ ಎನ್ನುವುದು ಇನ್ನೂ ಹೆಚ್ಚು.

ಮನೆಯ ಮುಂದೆ ಅಬು ದಹ್ಹಾಮನ ಪಿಕಪ್ಪು ನಿಂತಿತ್ತು. ಅದರ ಹಿಂಭಾಗದಲ್ಲಿ ಅಬು ದಹ್ಹಾಮನ ಹೋತ ಬಾಶಾ ಕೂಡ ಇತ್ತು, ಯಾರದೋ ಮೇಕೆಗೆ ಬಿಡಲು ಒಯ್ಯುತ್ತಿದ್ದನೇನೋ. ನೌಫಾ ಜೀಪು ನಿಲ್ಲಿಸಿ ಇಳಿದದ್ದೇ ತಡ, ಹೋತ ಕತ್ತು ಚಾಚಿ, ಹಳೆಯ ಮನೆ ಕಂಡಂತೆ ಟಾಪಿನ ಕಡೆ ನೋಡಿ ಒಂದು ಸಲ ಒರಲಿತು. ದಹ್ಹಾಮ್ ಗೋಡೆಗೊರಗಿ ನಿಂತಿದ್ದ. ಅವಳತ್ತ ನೋಡಿ ಹಲ್ಲುಬಿಟ್ಟು, ಅವಳು ಇನ್ನೂ ಮುಚ್ಚಿರದ ಬಾಗಿಲಿನಿಂದ ಜೀಪಿನೊಳಗೆ ತೂರಿ ಕೂತು, ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಹಿಂದಕ್ಕೆ ತಳ್ಳಿದ. ಫೂ ಎಂದು ಒಂದು ಸಿಪ್ಪೆ ಉಗಿದ. ಅದು ಗೇರಿನ ಕಡ್ಡಿಗೆ ಅಂಟಿತು.

"ಇದನ್ಯಾಕೆ ಮುಟ್ತಿದೀಯಾ?" ಎಂದಳು ನೌಫಾ, ಅವಳಿಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಒಳಗೆ ಹೋಗು, ಗೊತ್ತಾಗುತ್ತೆ" ಎಂದು ದಹ್ಹಾಮ್ ಕನ್ನಡಿ ತಿರುಗಿಸಿಕೊಂಡು ಮೀಸೆ ನೋಡಿಕೊಂಡ.

ಮುಂಕೋಣೆಯಲ್ಲಿ ಅಪ್ಪ, ದೊಡ್ಡಪ್ಪ, ಅಬು ದಹ್ಹಾಮ್ ಕೂತಿದ್ದರು. ಅಪ್ಪನ ಕೈಯಲ್ಲಿ ಕಾಫಿಯ ಹಿತ್ತಾಳೆ ಪಾತ್ರೆ. ಒಳಬಾಗಿಲಲ್ಲಿ ಅಮ್ಮ. ನೌಫಾ ಹೊರಬಾಗಿಲ ಹೊಸ್ತಿಲಲ್ಲಿ ಚೀಲ ಹೆಗಲಿಗಿಟ್ಟುಕೊಂಡೇ ನಿಂತಳು. ಅಬು ದಹ್ಹಾಮನ ಮುಂದೆ ನೆಲದ ಮೇಲೆ ಬಟ್ಟಲು ಇತ್ತು. ತುಂಬಿತ್ತು. ಮೇಲಿನಿಂದ ಸಣ್ಣಗೆ ಆವಿ ಏಳುತ್ತಿತ್ತು.

"ಬಾ ಮಗಳೇ, ಒಳ್ಳೆ ಹೊತ್ತಿಗೆ ಬಂದೆ" ಎಂದ ಅಬು ದಹ್ಹಾಮ್. ಆಮೇಲೆ ಅಪ್ಪನ ಕಡೆ ತಿರುಗಿದ. "ನೋಡು ಫ್ರೈಹ್, ಬಯಲು ದೊಡ್ಡದು. ಹುಡುಗಿ ಒಬ್ಳೇ ಹೋಗ್ತಾಳೆ, ಒಬ್ಳೇ ಬರ್ತಾಳೆ. ಜನ ಆಡ್ಕೋತಾರೆ. ನಮ್ಮ ದಹ್ಹಾಮ್ ಸುಮ್ನೆ ಕೂತಿದಾನೆ. ಗಾಡಿ ಅವನು ಓಡಿಸ್ಲಿ. ಇವಳು ಹಿಂದೆ ಕೂತ್ಕೊಂಡು ಹೋಗ್ಲಿ. ಅವನಿಗೂ ಒಂದು ಕೆಲಸ ಅಂತಾಗುತ್ತೆ, ಇವಳ ಸಂಬಳದಲ್ಲಿ ಏನೋ ಒಂದು ಕೊಡ್ತೀರ. ಇಷ್ಟೇ ನಾನು ಕೇಳೋದು. ನೀವು ನನ್ನ ಡೇರೆಗೆ ಬಂದು ಕೇಳಿದಾಗ ನಾನು ಹಿಂದೆಮುಂದೆ ನೋಡಲಿಲ್ಲ."

"ಇದೇನು ಕೇಳೋ ಮಾತಾ!" ದೊಡ್ಡಪ್ಪ ತೊಡೆ ತಟ್ಟಿದ. "ನಿನ್ನ ಟಾಪು ನಮ್ಮ ತಲೆ ಮೇಲಿದೆ. ಹೇಳೋ ಫ್ರೈಹ್, ಕುಡೀ ಅನ್ನು. ಕಾಫಿ ಆರಿಹೋಗುತ್ತೆ."

ಅಪ್ಪ ಹಿತ್ತಾಳೆ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟ. ಆ ಟಾಪು ಜೀಪಿನ ಮೇಲೆ ಇರುವ ತನಕ ಅವನು ಬೇಡ ಅನ್ನುವಂತಿಲ್ಲ, ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ಒಂದು ಸಲ ಕುಡೀ ಅಂದರೆ ಮುಗಿಯಿತು. ಇನ್ನು ದಿನವೂ ಆ ಕತ್ತಲೆ ಡಬ್ಬದ ಹಿಂದಿನ ಬೆಂಚಿನಲ್ಲಿ ನೌಫಾ, ಮುಂದೆ ದಹ್ಹಾಮನ ಕತ್ತು, ಕನ್ನಡಿಯಲ್ಲಿ ದಹ್ಹಾಮನ ಕಣ್ಣು, ಕಾಲಡಿಯಲ್ಲಿ ಒದ್ದೆ ಸಿಪ್ಪೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ.

ಗಾಳಿ ಹೊರಗಿನಿಂದ ಒಳಗೆ ತಿರುಗಿತು. ಹೊರಗಿದ್ದ ಹೋತದ್ದೋ, ಜೀಪಿನದ್ದೋ, ತನ್ನ ಬಟ್ಟೆಯದ್ದೋ, ನಾತ ಹೊಸ್ತಿಲು ದಾಟಿ ಕೋಣೆಯೊಳಗೆ ಬಂದು ನಾಲ್ಕೂ ಜನರ ನಡುವೆ ಕೂತಿತು. ಅಮ್ಮ ಸೆರಗಿನಂತೆ ತಲೆಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು. ದೊಡ್ಡಪ್ಪ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದ. ಅಬು ದಹ್ಹಾಮ್ ಕೂಡ, ನೌಫಾ ನೋಡುತ್ತಿದ್ದಂತೆಯೇ, ಅಬು ದಹ್ಹಾಮ್ ಕೂಡ ಕೈಬೆರಳು ಮೂಗಿನ ಹತ್ತಿರ ತಂದು, ಮೀಸೆ ಸವರಿಕೊಂಡ ಹಾಗೆ ಮಾಡಿ ಇಳಿಸಿದ.

ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಮಂಡಿ ಹೋದ, ಮಾತು ಸಾಲದ ಅಪ್ಪ.

"ನೀನೇನಂತೀಯಾ, ನೌಫಾ?" ಎಂದ.

ದೊಡ್ಡಪ್ಪ, "ಅವಳನ್ನೇನು ಕೇಳೋದು!" ಎಂದು ನಗಲು ಹೊರಟ. ಅವನ ನಗು ಪೂರ್ತಿಯಾಗುವ ಮೊದಲೇ ನೌಫಾ ಚೀಲದಿಂದ ಜೀಪಿನ ಬೀಗದ ಕೈ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ದನಿ, ಅವಳೇ ಬೆಚ್ಚುವಷ್ಟು ಸ್ಪಷ್ಟವಾಗಿ, ಅಂಗಳದಲ್ಲಿ ಕೂತಿದ್ದ ದಹ್ಹಾಮನಿಗೂ ಕೇಳುವಷ್ಟು ದೊಡ್ಡದಾಗಿ ಬಂತು:

"ಅಬು ದಹ್ಹಾಮ್ ಚಿಕ್ಕಪ್ಪಾ, ನೀವು ಕೊಟ್ಟ ಟಾಪು ನಾರುತ್ತೆ. ನಿಮಗೂ ಬರ್ತಿದೆ. ತಗೊಂಡು ಹೋಗಿ."